ಅಂಜಿಕೆಯೂ ಅಂಜಿಕೆಯ ಅಪವಾದವೂ

ನಮ್ಮ ನಾಡಿನಲ್ಲಿ ಅಂಜುಬುರುಕನನ್ನು ಹಾಸ್ಯಮಾಡುವವರಿಗೆ ಉತ್ತರಕುಮಾರನ ಹೆಸರೊಂದಿದ್ದರೆ ಸಾಕು. ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹೆಂಗಸರ ಮುಂದೆ ಕೌರವಸೇನೆಯನ್ನು ಮಾತಿನಲ್ಲಿಯೇ ಗೆದ್ದ ಆ ರಾಜಪುತ್ರನು, ಬಯಲಿನಲ್ಲಿ ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡಿದನು. ಗಮಕಿಗಳು ಕುಮಾರವ್ಯಾಸಭಾರತದ ಈ ಪ್ರಸಂಗವನ್ನು ವಾಚಿಸುವಾಗ ಸಭೆಯಲ್ಲಿ ನಗದವರಿಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಮಕ್ಕಳಿಗೂ ಗೊತ್ತು. ಆದರೆ ಹೀಗೆ ನಗುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಅದೇ ಉತ್ತರನು ಅದೇ ದಿನ ಅರ್ಜುನನಿಗೆ ಸಾರಥಿಯಾಗಿ, ಭೀಷ್ಮದ್ರೋಣರಿದ್ದ ಅದೇ ಸೇನೆಯ ಎದುರಿಗೆ ಕುದುರೆಗಳನ್ನು ನಡೆಸಿದನು. ಲೋಕವು ಆ ಸಾರಥ್ಯವನ್ನು ಮರೆತು ಓಟವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿತು. ಅಂಜಿಕೆಯ ಅಪವಾದವು ಒಮ್ಮೆ ಅಂಟಿತೆಂದರೆ ಸುಲಭವಾಗಿ ಬಿಡತಕ್ಕುದಲ್ಲ.

ಒಬ್ಬ ಮನುಷ್ಯನು ಅಂಜುಬುರುಕನೆ, ಅಲ್ಲವೆ ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ? ಅವನು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸ ಮಾತ್ರ ನಮಗೆ ಕಾಣುತ್ತದೆ. ಅದರ ಹಿಂದಿರುವ ಮನಸ್ಸು ಕಾಣುವುದಿಲ್ಲ. ತಡಮಾಡುವವನು ಭಯದಿಂದ ತಡಮಾಡುತ್ತಿರಬಹುದು, ಆಲೋಚನೆಯಿಂದ ತಡಮಾಡುತ್ತಿರಬಹುದು. ಮೌನವಾಗಿರುವವನು ಸಂಕೋಚದಿಂದ ಮೌನವಾಗಿರಬಹುದು, ತಾಳ್ಮೆಯಿಂದ ಮೌನವಾಗಿರಬಹುದು. ಹೊರಗೆ ಎರಡರ ರೂಪವೂ ಒಂದೇ. ಸಾರ್ವಜನಿಕ ಜೀವನದಲ್ಲಿ ಈ ತೊಡಕು ಇನ್ನೂ ಹೆಚ್ಚುತ್ತದೆ; ಏಕೆಂದರೆ ಅಲ್ಲಿ ಭಯವು ಎರಡು ಬಗೆಯದು. ಒಂದು ಶತ್ರುವಿನ ಭಯ. ಇನ್ನೊಂದು ಸ್ವಜನರ ಭಯ. ಮೊದಲನೆಯದನ್ನು ಎಲ್ಲರೂ ಗುರುತಿಸಿ ಹಳಿಯುತ್ತಾರೆ. ಎರಡನೆಯದು ಅನೇಕ ವೇಳೆ ವಿನಯವೆಂದೂ ಜನಾನುರಾಗವೆಂದೂ ಹೊಗಳಿಸಿಕೊಳ್ಳುತ್ತದೆ. ಈ ಭೇದವನ್ನು ವಿಶದಪಡಿಸುವುದಕ್ಕಾಗಿ ಪ್ರಾಚೀನ ಯೂರೋಪಿನ ಇಬ್ಬರು ದಂಡನಾಯಕರ ಚರಿತ್ರೆಯನ್ನು ಇಲ್ಲಿ ಪರಿಶೀಲಿಸೋಣ. ಒಬ್ಬನು ಅಥೆನ್ಸಿನ ನಿಕಿಯಸ್. ಇನ್ನೊಬ್ಬನು ರೋಮಿನ ಫೇಬಿಯಸ್ ಮ್ಯಾಕ್ಸಿಮಸ್. ಇಬ್ಬರನ್ನೂ ಅವರ ಕಾಲದ ಜನ ಅಂಜುಬುರುಕರೆಂದರು. ಇಬ್ಬರ ವಿಷಯದಲ್ಲಿಯೂ ಜನರು ನೋಡಿದುದು ಒಂದು, ನೋಡಬೇಕಾಗಿದ್ದುದು ಇನ್ನೊಂದು.

ನಿಕಿಯಸನು ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ಅತ್ಯಂತ ಶ್ರೀಮಂತರಲ್ಲೊಬ್ಬನು. ಲಾರಿಯಂ ಎಂಬಲ್ಲಿದ್ದ ಬೆಳ್ಳಿಯ ಗಣಿಗಳು ಅವನ ಐಶ್ವರ್ಯದ ಮೂಲ. ಅಲ್ಲಿ ದುಡಿಯುವುದಕ್ಕೆ ಅವನು 1,000 ಮಂದಿ ಗುಲಾಮರನ್ನು ಬಾಡಿಗೆಗೆ ಕೊಟ್ಟಿದ್ದನೆಂದು ಸೆನೊಫನ್ ಬರೆದಿದ್ದಾನೆ. ಆತನು ದೈವಭಕ್ತ, ಉದಾರಿ, ಮಿತಭಾಷಿ. ಯುದ್ಧದಲ್ಲಿಯೂ ಅಸಮರ್ಥನಾಗಿರಲಿಲ್ಲ, ಸ್ಪಾರ್ಟದೊಡನೆ ನಡೆದ ಯುದ್ಧದಲ್ಲಿ ಕೈಹಾಕಿದ ಕೆಲಸಗಳನ್ನು ಬಹುಮಟ್ಟಿಗೆ ಜಯಪ್ರದವಾಗಿಯೇ ಮುಗಿಸಿದನು. ಕ್ರಿಸ್ತಪೂರ್ವ 421ರಲ್ಲಿ ಆ ಎರಡು ರಾಜ್ಯಗಳ ನಡುವೆ ಆದ ಸಂಧಿಗೆ ಅವನ ಹೆಸರೇ ನಿಂತಿದೆ.

ಇಂಥವನಿಗೆ ಒಂದು ದೌರ್ಬಲ್ಯವಿದ್ದಿತು. ಅವನು ತನ್ನ ನಗರದ ಜನರಿಗೆ ಹೆದರುತ್ತಿದ್ದನು. ಅಥೆನ್ಸಿನಲ್ಲಿ ಪ್ರಮುಖರ ಮೇಲೆ ದೂರು ತಂದು ಹಣ ಕೀಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಚಾಡಿಕೋರರಿದ್ದರು. ನಿಕಿಯಸನು ಅವರ ಬಾಯಿ ಮುಚ್ಚಿಸುವುದಕ್ಕೆ ಹಣ ಕೊಡುತ್ತಿದ್ದನು. ಅವರ ಕಣ್ಣಿಗೆ ಬೀಳಬಾರದೆಂದು ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ, ಹರಟೆಗೆ ಸೇರುತ್ತಿರಲಿಲ್ಲ, ಅಧಿಕಾರದ ಕೆಲಸವಿಲ್ಲದಾಗ ಬಾಗಿಲು ಹಾಕಿಕೊಂಡು ಮನೆಯಲ್ಲಿರುತ್ತಿದ್ದನು. ಅವನ ಚರಿತ್ರೆಯನ್ನು ಬರೆದ ಪ್ಲೂಟಾರ್ಕನು ಇಲ್ಲಿ ಒಂದು ಮಾರ್ಮಿಕವಾದ ಸಂಗತಿಯನ್ನು ಎತ್ತಿ ತೋರಿಸುತ್ತಾನೆ. ಈ ಅಂಜಿಕೆಯಿಂದ ನಿಕಿಯಸನಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು. ತಮ್ಮನ್ನು ತಿರಸ್ಕರಿಸುವ ದೊಡ್ಡವರನ್ನು ಕಂಡರೆ ಜನಕ್ಕೆ ಆಗದು. ತಮಗೆ ಹೆದರುವ ದೊಡ್ಡವರನ್ನು ಕಂಡರೆ ಅವರಿಗೆ ಅಭಿಮಾನ. ದೊಡ್ಡವನೊಬ್ಬನು ತಮ್ಮ ಮುಂದೆ ನಡುಗುವುದು ಸಾಮಾನ್ಯರಿಗೆ ತಮಗೆ ಸಂದ ಮರ್ಯಾದೆಯಾಗಿ ತೋರುತ್ತದೆ. ಹೀಗೆ ಜನರು ನಿಕಿಯಸನ ಭಯವನ್ನು ವಿನಯವೆಂದು ತಿಳಿದು ಅವನಿಗೆ ಅಧಿಕಾರದ ಮೇಲೆ ಅಧಿಕಾರವನ್ನು ಕೊಟ್ಟರು.

ಆದರೆ ಈ ಮರ್ಯಾದೆ ಬಹುಕಾಲ ನಿಲ್ಲಲಿಲ್ಲ. ಕ್ರಿಸ್ತಪೂರ್ವ 425ರಲ್ಲಿ ಪೈಲಾಸ್ ಎಂಬಲ್ಲಿಯ ಒಂದು ದ್ವೀಪದಲ್ಲಿ ಸ್ಪಾರ್ಟದ ಪಡೆಯೊಂದು ಸಿಕ್ಕಿಕೊಂಡಿತ್ತು. ಸೇನಾನಾಯಕರು ಗಂಡಸರಾಗಿದ್ದರೆ ಅವರನ್ನು ಹಿಡಿಯುವುದು ಎಷ್ಟರ ಕೆಲಸವೆಂದು ಕ್ಲಿಯನ್ ಎಂಬ ಆರ್ಭಟದ ವಾಗ್ಮಿ ಸಭೆಯಲ್ಲಿ ಕೂಗಿದನು. ಹಾಗಾದರೆ ನೀನೇ ಹೋಗು ಎಂದು ನಿಕಿಯಸನು ತನ್ನ ಅಧಿಕಾರವನ್ನು ಅಲ್ಲಿಯೇ ಬಿಟ್ಟುಕೊಟ್ಟನು. ಜನರು ನಕ್ಕರು. ಕ್ಲಿಯನನು 20 ದಿನಗಳ ಗಡುವು ಹಾಕಿಕೊಂಡು ಹೋಗಿ, ಗಡುವಿನೊಳಗಾಗಿ 292 ಮಂದಿಯನ್ನು ಸೆರೆಹಿಡಿದು ತಂದನು. ಯುದ್ಧದಲ್ಲಿ ಗುರಾಣಿಯನ್ನೆಸೆದು ಓಡುವುದಕ್ಕಿಂತಲೂ, ತಾನಾಗಿ ಅಧಿಕಾರವನ್ನೆಸೆದು ವೈರಿಗೆ ಕೀರ್ತಿಯನ್ನು ಒಪ್ಪಿಸುವುದು ಹೀನವೆಂದು ಜನ ಆಡಿಕೊಂಡರು. ಹಾಸ್ಯನಾಟಕಗಳನ್ನು ಬರೆಯುತ್ತಿದ್ದ ಅರಿಸ್ಟೊಫನೀಸನು, ತಡಮಾಡುವುದಕ್ಕೆ ನಿಕಿಯಸನ ಹೆಸರನ್ನೇ ಬೆಸೆದು ಹೊಸ ಕ್ರಿಯಾಪದವೊಂದನ್ನು ಕಟ್ಟಿದನು.

ನಿಜವಾದ ಪರೀಕ್ಷೆ ಬಂದುದು ಕ್ರಿಸ್ತಪೂರ್ವ 415ರಲ್ಲಿ. ದೂರದ ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಬೇಕೆಂದು ಅಥೆನ್ಸಿನ ಪೌರಸಭೆ ನಿರ್ಧರಿಸಿತು. ತರುಣನೂ ಸುಂದರನೂ ಮಹತ್ವಾಕಾಂಕ್ಷಿಯೂ ಆದ ಅಲ್ಸಿಬಯಡೀಸನು ಆ ಉತ್ಸಾಹಕ್ಕೆ ಮೂಲ. ನಿಕಿಯಸನನ್ನು ಅವನ ಇಷ್ಟಕ್ಕೆ ವಿರೋಧವಾಗಿ ಮೂವರು ನಾಯಕರಲ್ಲಿ ಒಬ್ಬನನ್ನಾಗಿ ಆರಿಸಿದರು. ನಿಕಿಯಸನು ಎದ್ದುನಿಂತು, ಮನೆಯ ಬಾಗಿಲಿನಲ್ಲಿ ಶತ್ರುಗಳಿರುವಾಗ ಸಮುದ್ರದಾಚೆ ಹೊಸ ಶತ್ರುಗಳನ್ನು ಹುಡುಕಿಕೊಂಡು ಹೋಗುವುದು ಅವಿವೇಕವೆಂದು ಸ್ಪಷ್ಟವಾಗಿ ಹೇಳಿದನು. ಪಕ್ಕದಲ್ಲಿ ಕುಳಿತ ತರುಣರು ಹೇಡಿಗಳೆಂದಾರೆಂಬ ನಾಚಿಕೆಗೆ ಒಳಗಾಗಬೇಡಿರೆಂದು ಹಿರಿಯರನ್ನು ಬೇಡಿಕೊಂಡನು. ಇದು ಅಂಜುಬುರುಕನ ಮಾತಲ್ಲ. ಕೆರಳಿದ ಸಭೆಯ ಮುಂದೆ ಧೈರ್ಯದಿಂದಾಡಿದ ಮಾತು.

ಆದರೆ ಆ ಧೈರ್ಯವು ಕೊನೆಯವರೆಗೆ ನಿಲ್ಲಲಿಲ್ಲ. ಮೊದಲ ಮಾತು ಫಲಿಸದಿರಲು ಅವನು ನೇರವಾದ ವಿರೋಧವನ್ನು ಬಿಟ್ಟು ಉಪಾಯಕ್ಕಿಳಿದನು. ಈ ದಂಡಯಾತ್ರೆಗೆ ಅಪಾರವಾದ ಬಲ ಬೇಕೆಂದು ವರ್ಣಿಸಿದರೆ ಜನ ವೆಚ್ಚಕ್ಕೆ ಹೆದರಿ ಹಿಂಜರಿಯುವರೆಂದು ಎಣಿಸಿದನು. ಪರಿಣಾಮ ವಿಪರೀತವಾಯಿತು. ಅಷ್ಟು ಬಲವಿದ್ದರೆ ಅಪಾಯವೇ ಇಲ್ಲವೆಂದು ಜನ ಮತ್ತಷ್ಟು ಹುರುಪುಗೊಂಡರು. ಒಬ್ಬನು ಎದ್ದು, ಸುತ್ತುಬಳಸು ಸಾಕು, ಎಷ್ಟು ಬೇಕೆಂದು ಈಗಲೇ ಹೇಳು ಎಂದನು. ನಿಕಿಯಸನು ಬಾಯಿ ಬಿಡಲೇಬೇಕಾಯಿತು. ಮೊದಲು 60 ಹಡಗುಗಳೆಂದಿದ್ದುದು, ಹೊರಡುವ ವೇಳೆಗೆ 134 ಯುದ್ಧನೌಕೆಗಳೂ 5,100 ಮಂದಿ ಕವಚಧಾರಿ ಭಟರೂ ಆಗಿ ಬೆಳೆಯಿತು. ಭಯವು ನೇರವಾದ ಮಾತನ್ನು ಓರೆಮಾಡುತ್ತದೆ. ಓರೆಯಾದ ಮಾತು ತಾನು ತಡೆಯಹೊರಟುದನ್ನೇ ಬೆಳೆಸುತ್ತದೆ.

ಆ ದಿನದ ಸಭೆಯನ್ನು ಕುರಿತು ಇತಿಹಾಸಕಾರನಾದ ಥ್ಯುಸಿಡಿಡೀಸನು ದಾಖಲೆಮಾಡಿರುವ ಒಂದು ವಿಷಯವನ್ನು ನಾವು ಗಮನಿಸಬೇಕು. ಆ ದಂಡಯಾತ್ರೆ ಬೇಡವೆಂದು ಮನಸ್ಸಿನಲ್ಲಿ ತಿಳಿದವರು ಸಭೆಯಲ್ಲಿದ್ದರು. ಆದರೆ ವಿರೋಧವಾಗಿ ಕೈಯೆತ್ತಿದರೆ ದೇಶದ್ರೋಹಿಗಳೆನಿಸಿಕೊಂಡೇವೆಂದು ಸುಮ್ಮನೆ ಕುಳಿತರು. ಹಾಗಾದರೆ ಆ ದಿನ ಅಥೆನ್ಸಿನಲ್ಲಿ ಅಂಜುಬುರುಕರು ಯಾರು? ಎಲ್ಲರ ಬಾಯಲ್ಲಿಯೂ ಅಂಜುಬುರುಕನೆನಿಸಿಕೊಂಡ ನಿಕಿಯಸನು ಎದ್ದು ಮಾತನಾಡಿದನು. ಯಾರೂ ಅಂಜುಬುರುಕರೆನ್ನದ ಸಭ್ಯ ಪೌರರು ಕೈಗಳನ್ನು ಕೆಳಗಿಟ್ಟುಕೊಂಡು ಕುಳಿತಿದ್ದರು. ಶೌರ್ಯದ ಘೋಷಣೆಯಿಂದ ಕಿವಿ ಗಡಚಿಕ್ಕುವಂತಿದ್ದ ಆ ಸಭೆಯ ಒಡಲಲ್ಲಿ ಇದ್ದುದು ಭಯ, ಹೇಡಿಯೆನಿಸಿಕೊಳ್ಳುವ ಭಯ. ಹನ್ನೆರಡು ವರ್ಷಗಳ ಹಿಂದೆ, ಕ್ರಿಸ್ತಪೂರ್ವ 427ರಲ್ಲಿ, ಕಾರ್ಸೈರ ದ್ವೀಪದ ಅಂತಃಕಲಹವನ್ನು ವರ್ಣಿಸುವಾಗಲೂ ಈ ಇತಿಹಾಸಕಾರನು ಇದೇ ರೋಗವನ್ನು ಗುರುತಿಸಿದ್ದಾನೆ. ಕಾಲ ಕೆಟ್ಟಾಗ ಪದಗಳ ಅರ್ಥವೂ ಕೆಡುತ್ತದೆ. ದುಡುಕು ಪೌರುಷವೆನಿಸುತ್ತದೆ, ಮುಂದಾಲೋಚನೆಗೆ ಹೇಡಿತನವೆಂಬ ಹೆಸರು ಬರುತ್ತದೆ.

ದಂಡಯಾತ್ರೆಯ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಅಲ್ಸಿಬಯಡೀಸನ ಮೇಲೆ ದೇವದ್ರೋಹದ ಆಪಾದನೆ ಬಂದು, ಅವನು ಶತ್ರುಗಳಾದ ಸ್ಪಾರ್ಟದವರನ್ನು ಸೇರಿಕೊಂಡನು. ಮೂರನೆಯ ನಾಯಕನಾದ ಲಾಮಕಸನು ಕ್ರಿಸ್ತಪೂರ್ವ 414ರಲ್ಲಿ ಕಾಳಗದಲ್ಲಿ ಸತ್ತನು. ಯಾರು ಈ ಯುದ್ಧವನ್ನು ಬೇಡವೆಂದನೋ ಅವನೊಬ್ಬನೇ ಸಿರಕ್ಯೂಸ್ ನಗರದ ಮುಂದೆ, ಮೂತ್ರಪಿಂಡದ ವ್ಯಾಧಿಯಿಂದ ನರಳುತ್ತ, ಅದನ್ನು ನಡೆಸಬೇಕಾಯಿತು. ಸೇನೆಯ ದುಃಸ್ಥಿತಿಯನ್ನು ಊರಿಗೆ ತಿಳಿಸುವಾಗ ಅವನು ದೂತರ ಬಾಯಿಮಾತನ್ನು ನಂಬದೆ ಪತ್ರವನ್ನು ಬರೆದು ಕಳುಹಿಸಿದನು. ದೂತರು ಸಭೆಯನ್ನು ಮೆಚ್ಚಿಸುವುದಕ್ಕಾಗಿ ನಿಜವನ್ನು ಮರೆಮಾಡಿಯಾರೆಂಬುದು ಅವನ ಶಂಕೆ. ಜನರಿಗೆ ಅಂಜುವ ಸ್ವಭಾವವನ್ನು ತನ್ನಲ್ಲಿ ಬಲ್ಲವನಾದುದರಿಂದಲೇ ಅದನ್ನು ಇತರರಲ್ಲಿಯೂ ಊಹಿಸಬಲ್ಲವನಾದನು.

ಕ್ರಿಸ್ತಪೂರ್ವ 413ರಲ್ಲಿ ಡೆಮಾಸ್ತನೀಸ್ ಎಂಬ ದಂಡನಾಯಕನು 73 ಹಡಗುಗಳೊಡನೆ ಸಹಾಯಕ್ಕೆ ಬಂದು, ಒಂದು ರಾತ್ರಿಯ ಮುತ್ತಿಗೆಯಲ್ಲಿ ಸೋತು, ಕೂಡಲೆ ಊರಿಗೆ ಹಿಂದಿರುಗೋಣವೆಂದನು. ನಿಕಿಯಸನು ಒಪ್ಪಲಿಲ್ಲ. ಅವನ ಕಾರಣ ಕೇಳತಕ್ಕುದು. ಇಲ್ಲಿ ಕಷ್ಟ ಕಷ್ಟವೆಂದು ಕೂಗುವ ಇದೇ ಸೈನಿಕರು ಊರಿಗೆ ಹೋದಮೇಲೆ, ನಾಯಕರು ಲಂಚ ತಿಂದು ಹಿಂದಿರುಗಿದರೆಂದು ಕೂಗುತ್ತಾರೆ. ಸ್ವಜನರ ಕೈಯಲ್ಲಿ ಸುಳ್ಳು ಅಪವಾದದಿಂದ ಸಾಯುವುದಕ್ಕಿಂತ ಶತ್ರುವಿನ ಕೈಯಲ್ಲಿ ಸಾಯುವುದೇ ತನಗೆ ಲೇಸೆಂದನು. ಇದು ಭ್ರಮೆಯಾಗಿರಲಿಲ್ಲ. ಕ್ರಿಸ್ತಪೂರ್ವ 424ರಲ್ಲಿ ಸಿಸಿಲಿಯಿಂದ ಸಂಧಿಮಾಡಿಕೊಂಡು ಬಂದ ಮೂವರು ನಾಯಕರಲ್ಲಿ ಇಬ್ಬರನ್ನು ಅಥೆನ್ಸಿನವರು ಗಡೀಪಾರು ಮಾಡಿ ಒಬ್ಬನಿಗೆ ದಂಡ ಹಾಕಿದ್ದರು. ದಂಡ ತೆತ್ತ ಯೂರಿಮೆಡನನು ಈಗ ಅದೇ ಪಾಳೆಯದಲ್ಲಿದ್ದನು. ಈ ವೃತ್ತಾಂತವನ್ನು ಬರೆದ ಥ್ಯುಸಿಡಿಡೀಸನೇ ಒಂದು ಪಟ್ಟಣ ಕೈಬಿಟ್ಟು ಹೋಯಿತೆಂಬ ಕಾರಣಕ್ಕಾಗಿ 20 ವರ್ಷ ದೇಶಭ್ರಷ್ಟನಾಗಿದ್ದವನು. ಆದುದರಿಂದ ನಿಕಿಯಸನ ಭಯಕ್ಕೆ ಆಧಾರವಿದ್ದಿತು. ಆದರೂ ಅದು ಭಯವೇ. ತನ್ನೊಬ್ಬನ ಹೆಸರು ಕೆಡಬಾರದೆಂದು ಒಂದು ಸೈನ್ಯವನ್ನೇ ಸಾವಿನ ಬಾಯಲ್ಲಿ ನಿಲ್ಲಿಸಿದ ಭಯ.

ಕೊನೆಗೆ ಅವನು ಒಪ್ಪಿದಾಗ, ಆಗಸ್ಟ್ 27ರ ರಾತ್ರಿ, ಚಂದ್ರಗ್ರಹಣವಾಯಿತು. ಜೋಯಿಸರು ಮೂರು ಒಂಬತ್ತು ದಿನ, ಎಂದರೆ 27 ದಿನ, ಕದಲಬಾರದೆಂದರು. ನಿಕಿಯಸನು ಕದಲಲಿಲ್ಲ. ಶತ್ರುಗಳು ಬಂದರದ ಬಾಯಿಯನ್ನು ಮುಚ್ಚಿದರು. ನೌಕಾಯುದ್ಧದಲ್ಲಿ ಅಥೆನ್ಸಿನವರು ಸೋತರು. ಸುಮಾರು 40,000 ಮಂದಿ ನೆಲದ ದಾರಿ ಹಿಡಿದು ಹೊರಟರು. ಆ ಪ್ರಯಾಣದಲ್ಲಿ ರೋಗಿಯಾದ ನಿಕಿಯಸನು ಸಾಲುಸಾಲಿಗೂ ಹೋಗಿ ಸೈನಿಕರನ್ನು ಹುರಿದುಂಬಿಸಿದನು. ಅಸಿನಾರಸ್ ನದಿಯಲ್ಲಿ ಬಾಯಾರಿದ ಜನ ನೀರು ಕುಡಿಯುತ್ತಿರುವಂತೆಯೇ ಕೊಲೆಯಾಗುತ್ತಿರುವುದನ್ನು ಕಂಡು, ತನ್ನನ್ನು ಏನಾದರೂ ಮಾಡಿಕೊಳ್ಳಿರಿ, ಇವರನ್ನು ಕೊಲ್ಲುವುದನ್ನು ನಿಲ್ಲಿಸಿರೆಂದು ಶರಣಾದನು. ಅವನಿಗೂ ಡೆಮಾಸ್ತನೀಸನಿಗೂ ಮರಣದಂಡನೆಯಾಯಿತು. 7,000ಕ್ಕೆ ಕಡಮೆಯಿಲ್ಲದ ಸೆರೆಯಾಳುಗಳು ಕಲ್ಲುಗಣಿಗಳಲ್ಲಿ ಬಿಸಿಲಿಗೂ ಹಸಿವಿಗೂ ತುತ್ತಾದರು. ಸಾವನ್ನು ಕಂಡು ಅಳುಕದವನು ಸಭೆಯನ್ನು ಕಂಡು ಅಳುಕಿದುದರ ಫಲ ಇದು. ಅಥೆನ್ಸಿನವರು ಸತ್ತ ವೀರರ ಸ್ಮಾರಕದಲ್ಲಿ ನಿಕಿಯಸನ ಹೆಸರನ್ನು ಕೆತ್ತಿಸಲಿಲ್ಲ. ತಾನಾಗಿ ಶರಣಾದುದೇ ಅದಕ್ಕೆ ಕಾರಣವೆಂದು ಪಾಸೇನಿಯಸನು ತಿಳಿಸುತ್ತಾನೆ. ಅವನನ್ನು ಹೆದರಿಸಿದ ಸಭೆಯ ಹೆಸರನ್ನು ಕೆತ್ತುವುದಕ್ಕೆ ಯಾವ ಕಲ್ಲೂ ಇರಲಿಲ್ಲ.

ಇನ್ನು ರೋಮಿನ ಕಡೆಗೆ ತಿರುಗೋಣ. ಸುಮಾರು 200 ವರ್ಷಗಳ ತರುವಾಯ, ಕ್ರಿಸ್ತಪೂರ್ವ 218ರಲ್ಲಿ, ಕಾರ್ಥೇಜಿನ ಹ್ಯಾನಿಬಾಲನು ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಇಳಿದನು. ಮರುವರ್ಷ ಟ್ರಾಸಿಮೀನ್ ಸರೋವರದ ದಡದಲ್ಲಿ ಕಾನ್ಸಲ್ ಫ್ಲಮಿನಿಯಸನೂ ಸುಮಾರು 15,000 ರೋಮನರೂ ಮಡಿದರು. ನಗರವು ದಿಕ್ಕುಗೆಟ್ಟು ಕ್ವಿಂಟಸ್ ಫೇಬಿಯಸ್ ಮ್ಯಾಕ್ಸಿಮಸನನ್ನು ಸರ್ವಾಧಿಕಾರಿಯನ್ನಾಗಿ ಆರಿಸಿತು. ಬಾಲ್ಯದಲ್ಲಿ ಇವನಿಗೆ ಕುರಿಮರಿ ಎಂಬ ಅಡ್ಡಹೆಸರಿದ್ದಿತು. ಮಾತು ಮೆಲ್ಲಗೆ, ಕಲಿಯುವುದು ನಿಧಾನ, ಆಟದಲ್ಲಿಯೂ ಹಿಂಜರಿಕೆ. ಮೇಲೆ ನೋಡುವವರಿಗೆ ಮಂದನೂ ಪುಕ್ಕಲನೂ ಆಗಿ ಕಾಣುತ್ತಿದ್ದನೆಂದು ಪ್ಲೂಟಾರ್ಕನು ಹೇಳುತ್ತಾನೆ.

ಫೇಬಿಯಸನ ಯುದ್ಧನೀತಿ ಸರಳವಾದುದು. ಹ್ಯಾನಿಬಾಲನು ಸ್ವದೇಶದಿಂದ ಬಹುದೂರ ಬಂದವನು. ಅವನ ಕುದುರೆದಳ ಅಜೇಯವಾದುದು, ಆದರೆ ಸತ್ತವರಿಗೆ ಬದಲು ಜನ ಬರುವ ದಾರಿಯಿಲ್ಲ. ಧಾನ್ಯವನ್ನು ದಿನದಿನವೂ ಸುಲಿದೇ ತರಬೇಕು. ರೋಮಿಗಾದರೋ ಜನಬಲವೂ ಧಾನ್ಯವೂ ಇವೆ. ಆದುದರಿಂದ ಬಯಲಿನಲ್ಲಿ ಕಾಳಗಕ್ಕೆ ನಿಲ್ಲದೆ, ಬೆಟ್ಟದ ಮೇಲಿನಿಂದ ಮೇಲಿನ ದಾರಿ ಹಿಡಿದು ಹಿಂಬಾಲಿಸುತ್ತ, ಮೇವಿಗೆ ಬಂದವರನ್ನು ಹೊಡೆಯುತ್ತ, ಕಾಲವನ್ನೇ ಆಯುಧವನ್ನಾಗಿ ಮಾಡಿಕೊಳ್ಳುವುದು. ಬುದ್ಧಿಗೆ ಒಪ್ಪುವ ನೀತಿ, ಕಣ್ಣಿಗೆ ಒಪ್ಪುವುದಲ್ಲ. ಕಂಪೇನಿಯದ ಫಲವತ್ತಾದ ಹೊಲಗಳು ಉರಿಯುವುದನ್ನು ರೋಮನ್ ಸೇನೆ ಬೆಟ್ಟದ ಮೇಲೆ ಕುಳಿತು ನೋಡಬೇಕಾಗಿದ್ದಿತು. ಸುಟ್ಟುಹೋದ ಹೊಲದ ಒಡೆಯನಿಗೆ ಈ ತಾಳ್ಮೆ ಹೇಡಿತನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಶಾಲೆಗೆ ಹೋಗುವ ಹುಡುಗನ ಹಿಂದೆ ಪುಸ್ತಕ ಹೊತ್ತು ನಡೆಯುವ ಆಳಿನಂತೆ ಇವನು ಹ್ಯಾನಿಬಾಲನ ಹಿಂದೆ ನಡೆಯುವನೆಂದು ಜನ ನಕ್ಕರು. ಕೈಕೆಳಗಿನ ಕುದುರೆದಳದ ಅಧಿಪತಿಯಾದ ಮಿನೂಸಿಯಸನೂ ಆ ನಗೆಗೆ ಸೇರಿದನು. ಒಮ್ಮೆ ಕಣಿವೆಯಲ್ಲಿ ಸಿಕ್ಕಿಬಿದ್ದ ಹ್ಯಾನಿಬಾಲನು ರಾತ್ರಿ ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಓಡಿಸಿ, ಆ ಗೊಂದಲದಲ್ಲಿ ತಪ್ಪಿಸಿಕೊಂಡುದರಿಂದ ಅಪವಾದ ಮತ್ತಷ್ಟು ಬೆಳೆಯಿತು. ಹ್ಯಾನಿಬಾಲನು ಸುತ್ತಲಿನ ಎಲ್ಲವನ್ನೂ ಸುಟ್ಟು ಫೇಬಿಯಸನ ಜಮೀನನ್ನು ಮಾತ್ರ ಬೇಕೆಂದೇ ಉಳಿಸಿದನು. ಒಳಸಂಚಿನ ಶಂಕೆ ಹುಟ್ಟಲೆಂದು. ಸೆರೆಯಾಳುಗಳನ್ನು ಬಿಡಿಸುವುದಕ್ಕೆ ಹಣ ಕೊಡಲು ಸೆನೆಟ್ ಸಭೆ ಹಿಂದೆಗೆದಾಗ, ಫೇಬಿಯಸನು ತನ್ನ ಜಮೀನನ್ನೇ ಮಾರಿ ಹಣ ತೆತ್ತನು. ಅಪವಾದಕ್ಕೆ ಅವನು ಕೊಟ್ಟ ಉತ್ತರ ಅದೊಂದೇ.

ಒಂದು ಕಾಳಗವನ್ನಾದರೂ ಕೊಟ್ಟು ಈ ಕೆಟ್ಟ ಹೆಸರನ್ನು ತೊಳೆದುಕೊಳ್ಳೆಂದು ಸ್ನೇಹಿತರು ಅವನನ್ನು ಒತ್ತಾಯಪಡಿಸಿದರಂತೆ. ಆಗ ಅವನಾಡಿದ ಮಾತಿನ ತಾತ್ಪರ್ಯವೇ ಈ ಭಾಷಣದ ತಿರುಳು. ಬೈಗುಳಕ್ಕೆ ಹೆದರಿ ತನ್ನ ನಿರ್ಧಾರವನ್ನು ಬಿಟ್ಟರೆ, ಜನ ಈಗ ತನ್ನನ್ನು ಎಷ್ಟು ಹೇಡಿಯೆಂದು ತಿಳಿದಿರುವರೋ ಅದಕ್ಕಿಂತ ದೊಡ್ಡ ಹೇಡಿ ತಾನಾಗುವೆನೆಂದನು. ನಿಕಿಯಸನಿಗೂ ಫೇಬಿಯಸನಿಗೂ ಇರುವ ಅಂತರ ಇಷ್ಟೇ. ಆದರೆ ಈ ಅಂತರವೇ ಸರ್ವಸ್ವ. ಇಬ್ಬರೂ ನಿಧಾನಿಗಳು, ಇಬ್ಬರೂ ಮೃದುಸ್ವಭಾವದವರು, ಇಬ್ಬರೂ ನಗೆಗೀಡಾದವರು. ಒಬ್ಬನು ಅಪವಾದವನ್ನು ತಪ್ಪಿಸಿಕೊಳ್ಳುವುದಕ್ಕೆ ಸೈನ್ಯವನ್ನು ತೆತ್ತನು. ಇನ್ನೊಬ್ಬನು ಸೈನ್ಯವನ್ನು ಉಳಿಸುವುದಕ್ಕೆ ಅಪವಾದವನ್ನು ಹೊತ್ತನು.

ಮುಂದಿನ ಸಂಗತಿಗಳು ಪ್ರಸಿದ್ಧವಾದುವು. ಜನರು ಮಿನೂಸಿಯಸನಿಗೆ ಫೇಬಿಯಸನಷ್ಟೇ ಅಧಿಕಾರವನ್ನು ಕೊಟ್ಟರು. ಅವನು ಅರ್ಧ ಸೈನ್ಯದೊಡನೆ ಹೋಗಿ ಬಲೆಯಲ್ಲಿ ಬಿದ್ದನು. ಫೇಬಿಯಸನು ಬೆಟ್ಟದಿಂದಿಳಿದು ಅವನನ್ನು ಉಳಿಸಿದನು. ಮಿನೂಸಿಯಸನು ಅವನನ್ನು ತಂದೆಯೆಂದು ಕರೆದು ಅಧಿಕಾರವನ್ನೊಪ್ಪಿಸಿದನು. ಮರುವರ್ಷ, ಕ್ರಿಸ್ತಪೂರ್ವ 216ರ ಆಗಸ್ಟಿನಲ್ಲಿ, ಧೈರ್ಯಶಾಲಿಗಳ ಸರದಿ ಬಂದು ಕ್ಯಾನೆಯ ಬಯಲಿನಲ್ಲಿ ರೋಮನ್ ಸೇನೆ ನಾಶವಾಯಿತು. ಲಿವಿಯ ಲೆಕ್ಕದಂತೆ ಸತ್ತವರು ಸುಮಾರು 48,000. ನಗರವೆಲ್ಲ ಗೋಳಿಡುತ್ತಿರುವಾಗ ಶಾಂತವಾದ ಮುಖದಿಂದ ಬೀದಿಗಳಲ್ಲಿ ನಡೆದಾಡಿ ಜನಕ್ಕೆ ಧೈರ್ಯ ಹೇಳಿದವನು ಆ ಹಳೆಯ ಕುರಿಮರಿಯೇ. ಅಪಾಯವಿಲ್ಲದಾಗ ಅಂಜುಬುರುಕನಂತೆ ಕಂಡವನು ಅಪಾಯದಲ್ಲಿ ಅಂಜದವನಾಗಿ ಕಂಡನು.

ಫೇಬಿಯಸನನ್ನು ಹೊಗಳುವ ಭರದಲ್ಲಿ ಅವನ ಕಡೆಗಾಲವನ್ನು ಮುಚ್ಚಿಡಬಾರದು. ಕ್ರಿಸ್ತಪೂರ್ವ 205ರಲ್ಲಿ ತರುಣನಾದ ಸಿಪಿಯೋ ಆಫ್ರಿಕಕ್ಕೆ ದಂಡೆತ್ತಿ ಹೋಗಬೇಕೆಂದಾಗ ಮುದುಕ ಫೇಬಿಯಸನು ಬಲವಾಗಿ ವಿರೋಧಿಸಿದನು. ಮೊದಲು ಎಚ್ಚರಿಕೆಯಿಂದ ಹುಟ್ಟಿದ ವಿರೋಧವು ಬರಬರುತ್ತ ಮತ್ಸರಕ್ಕೆ ತಿರುಗಿತೆಂದು ಪ್ಲೂಟಾರ್ಕನ ಅಭಿಪ್ರಾಯ. ಸಿಪಿಯೋ ಹೋದನು, 202ರಲ್ಲಿ ಜಾಮದ ಕಾಳಗದಲ್ಲಿ ಹ್ಯಾನಿಬಾಲನನ್ನು ಗೆದ್ದನು. ಫೇಬಿಯಸನು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದನು. ಎಚ್ಚರಿಕೆ ಸದ್ಗುಣವೆನಿಸುವುದು ಕಾರಣವಿರುವವರೆಗೆ; ಕಾರಣ ತೀರಿದಮೇಲೂ ಉಳಿದರೆ ಅದು ಅಭ್ಯಾಸಬಲದ ಅಂಜಿಕೆಯಾಗುತ್ತದೆ.

ಇಲ್ಲಿ ವ್ಯಕ್ತಿಗಳನ್ನು ಬಿಟ್ಟು ಆ ಎರಡು ನಗರಗಳನ್ನು ಹೋಲಿಸಬೇಕು. ಕ್ಯಾನೆಯಲ್ಲಿ ಸೋತು ಉಳಿದುಬಂದ ಕಾನ್ಸಲ್ ವಾರೋ ರೋಮಿಗೆ ಹಿಂದಿರುಗಿದಾಗ, ಎಲ್ಲ ವರ್ಗದ ಜನರೂ ಎದುರುಗೊಂಡು ಹೋಗಿ, ರಾಜ್ಯದ ವಿಷಯದಲ್ಲಿ ನಿರಾಶನಾಗದಿದ್ದುದಕ್ಕಾಗಿ ಅವನಿಗೆ ಕೃತಜ್ಞತೆಯನ್ನು ಸೂಚಿಸಿದರು. ಅಥೆನ್ಸಿನಲ್ಲಿ, ಕ್ರಿಸ್ತಪೂರ್ವ 406ರಲ್ಲಿ, ಅರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದು ಬಂದ ಆರು ಮಂದಿ ನಾಯಕರಿಗೆ, ಬಿರುಗಾಳಿಯಲ್ಲಿ ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲಿಲ್ಲವೆಂದು ಮರಣದಂಡನೆ ಮಾಡಿದರು. ಸೋತವನಿಗೂ ಬದುಕಲು ಎಡೆಯಿದ್ದ ನಗರದಲ್ಲಿ ಫೇಬಿಯಸನಂಥವನು ಅಪವಾದವನ್ನು ಹೊತ್ತು ನಿಲ್ಲಬಹುದಾಗಿದ್ದಿತು. ಗೆದ್ದವನಿಗೂ ಬದುಕು ನಿಶ್ಚಯವಿಲ್ಲದ ನಗರದಲ್ಲಿ ನಿಕಿಯಸನಂಥವನು ಹೆದರದೆ ಇರುವುದು ಕಷ್ಟವಾಗಿದ್ದಿತು. ಸಾರ್ವಜನಿಕ ಜೀವನದ ಅಂಜಿಕೆ ನಾಯಕನೊಬ್ಬನ ಎದೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಅದರ ಬೀಜವನ್ನು ಬಿತ್ತುವವರು ಪೌರರು.

ನಮ್ಮ ಊರುಗಳಲ್ಲಿ ದಂಡಯಾತ್ರೆಗಳ ತೀರ್ಮಾನವಾಗುವುದಿಲ್ಲ. ಆದರೆ ಪುರಸಭೆಗಳಿವೆ, ಸಂಘಗಳಿವೆ, ಆಡಳಿತಮಂಡಲಿಗಳಿವೆ, ಕುಲಬಾಂಧವರ ಕೂಟಗಳಿವೆ. ಅಲ್ಲಿ ವಿದ್ಯಾವಂತರಾದ ನಾವು ಎಷ್ಟು ಸಲ ತಪ್ಪೆಂದು ತಿಳಿದೂ ಕೈಯೆತ್ತದೆ ಕುಳಿತಿರುವುದಿಲ್ಲ? ಹೊರಗೆ ಬಂದಮೇಲೆ ಜಗಲಿಯ ಮೇಲೆ ನಿಂತು, ಇದಾಗಬಾರದಾಗಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಒಳಗೆ ಎದ್ದುನಿಂತು ಹೇಳಿದವನನ್ನು ಮಾತ್ರ ಅಪಶಕುನದವನೆಂದೂ ಕೈಲಾಗದವನೆಂದೂ ಕರೆಯುತ್ತೇವೆ. ಸಭೆಯಲ್ಲಿ ಮೆಲ್ಲಗೆ ಮಾತನಾಡುವವನನ್ನೂ ಗಟ್ಟಿಯಾಗಿ ಕೂಗುವವನನ್ನೂ ತೂಗುವಾಗ ನಾವು ಧ್ವನಿಯನ್ನು ತೂಗದೆ, ಆ ಮಾತಿನಿಂದ ಅವನಿಗೆ ಒದಗುವ ನಷ್ಟವನ್ನು ತೂಗಬೇಕು. ಕೇಳುವವರೆಲ್ಲ ಮೆಚ್ಚುವ ಸಾಹಸವನ್ನು ಆಡುವುದರಲ್ಲಿ ಆಡುವವನಿಗೆ ನಷ್ಟವಿಲ್ಲ. ಕೇಳುವವರು ಮೆಚ್ಚದ ಎಚ್ಚರಿಕೆಯನ್ನು ಆಡುವವನು ತನ್ನ ಹೆಸರನ್ನೇ ಪಣವಾಗಿಟ್ಟಿರುತ್ತಾನೆ. ತಮ್ಮ ಮುಂದೆ ನಡುಗುವವರನ್ನು ಮೆಚ್ಚಿಕೊಳ್ಳುವ ಜನಕ್ಕೆ, ಕಷ್ಟಕಾಲದಲ್ಲಿ ನಡುಗುವವರೇ ನಾಯಕರಾಗಿ ದೊರೆಯುತ್ತಾರೆ.